ಸ್ಟೆಂಟ್ ಹಾಕಿಸಿ ಮನೆಗೆ ಬಂದ ಮೇಲೆ

ಕಾಸರಗೋಡು ಜಿಲ್ಲೆಯ ಒಂದು ಪಂಚಾಯತಿನಲ್ಲಿ ನಾನು ಪಾಲಿಯೇಟಿವ್ ನರ್ಸ್, ಅಂದರೆ ದೊಡ್ಡ ಕಾಯಿಲೆಯವರ ನೋವು, ಕಷ್ಟಗಳನ್ನು ಮನೆಗೇ ಹೋಗಿ ನೋಡಿಕೊಳ್ಳುವವಳು. ಬದಿಯಡ್ಕ, ಪೆರ್ಲ ಕಡೆಯ ಮನೆಗಳಿಗೆ ಹೋಗುತ್ತೇನೆ. ಮೇದೋಜೀರಕ ಗ್ರಂಥಿ ಅಥವಾ ಪಿತ್ತಕೋಶದ ಕ್ಯಾನ್ಸರ್ ಆದವರಿಗೆ ಗಡ್ಡೆ ಪಿತ್ತನಾಳವನ್ನು ಒತ್ತಿ ಜಾಂಡೀಸ್ ಬರುವುದುಂಟು. ಮಂಗಳೂರಿಗೆ ಹೋಗಿ ಇಆರ್‌ಸಿಪಿಯಲ್ಲಿ, ಅಂದರೆ ಬಾಯಿಯಿಂದ ಕ್ಯಾಮೆರಾದ ಪೈಪು ಇಳಿಸಿ, ಆ ನಾಳ ತೆರೆದಿಡುವ ಸಣ್ಣ ಕೊಳವೆ, ಅದೇ ಸ್ಟೆಂಟ್, ಹಾಕಿಸಿಕೊಂಡು ಬರುತ್ತಾರೆ. ಹಾಕುವುದು ಡಾಕ್ಟರ ಕೆಲಸ. ಕೆಟ್ಟರೆ ಮೊದಲು ಗೊತ್ತಾಗುವುದು ಮನೆಯವರಿಗೆ.

ಮೊದಲ ಸಲ ಹೋದಾಗ ಡಿಸ್ಚಾರ್ಜ್ ಸಮರಿ ಕೇಳುತ್ತೇನೆ. ಅದು ಇಂಗ್ಲಿಷಿನಲ್ಲಿ, ಪಂಚಾಯತಿನ ಕಾಗದ ಮಲಯಾಳದಲ್ಲಿ, ಮನೆಯವರು ಓದುವುದು ಕನ್ನಡ! ಅದಕ್ಕೆ ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡಕ್ಷರದಲ್ಲಿ ಕನ್ನಡದಲ್ಲೇ ಬರೆದಿಡುತ್ತೇನೆ. ಪ್ಲಾಸ್ಟಿಕ್ಕೋ ಮೆಟಲ್ಲೋ, ಯಾವತ್ತು ಹಾಕಿದ್ದು, ಯಾವ ತಿಂಗಳು ಬದಲಾಯಿಸಬೇಕು, ಯಾರಿಗೆ ಫೋನ್ ಮಾಡಬೇಕು. 2020ರ ಲಾಕ್‌ಡೌನಿನಲ್ಲಿ ಮಂಗಳೂರಿನ ದಾರಿಯ ತಲಪಾಡಿ ಗಡಿ ಮುಚ್ಚಿದ ಮೇಲೆ ಇನ್ನೊಂದು ಸಾಲು ಸೇರಿಸಿದ್ದೇನೆ: ಕೇರಳದ ಒಳಗೇ ಇಆರ್‌ಸಿಪಿ ಮಾಡುವ ಒಂದು ಆಸ್ಪತ್ರೆಯ ನಂಬರು.

ಪ್ಲಾಸ್ಟಿಕ್ ಸ್ಟೆಂಟ್ ಸಪೂರ, ದೊಡ್ಡದೂ 3 ಮಿಲಿಮೀಟರ್ ಚಿಲ್ಲರೆ. ತೋಟದ ಡ್ರಿಪ್ ಪೈಪಿನ ಹಾಗೆ ಒಳಗೆ ಲೋಳೆ, ಕೆಸರು ಕೂತು ಸುಮಾರು 3 ತಿಂಗಳಿಗೆ ಕಟ್ಟಿಕೊಳ್ಳುತ್ತದೆ. ಮೆಟಲ್ಲಿನದು ಒಳಗೆ ಹೋಗಿ 10 ಮಿಲಿಮೀಟರಿನಷ್ಟು ಅರಳುತ್ತದೆ. ಜಾಸ್ತಿ ದಿನ ಬಾಳುತ್ತದೆ, ಬೆಲೆಯೂ ಜಾಸ್ತಿ. ಆದರೆ ಅದರ ಬಲೆಯ ಕಣ್ಣುಗಳಿಂದ ಗಡ್ಡೆ ಒಳಕ್ಕೆ ಬೆಳೆಯಬಹುದು. ಹೊದಿಕೆ ಇರುವುದಾದರೆ ಗಡ್ಡೆ ನುಗ್ಗುವುದು ಕಡಿಮೆ, ಜಾಗ ಬಿಟ್ಟು ಜಾರುವ ಭಯ ಹೆಚ್ಚು.

ಮೊದಲ ಕೆಲವು ದಿನ ಎರಡು ವಿಷಯ ಕೇಳುತ್ತೇನೆ. ಹೊಟ್ಟೆನೋವು ಬೆನ್ನಿಗೆ ಹೊಡೆದು ವಾಂತಿಯಾಗುತ್ತಿದೆಯಾ? ಮೇದೋಜೀರಕ ಊದಿಕೊಂಡಿರಬಹುದು. ಮಲ ಡಾಂಬರಿನಂತೆ ಕಪ್ಪಾಗಿದೆಯಾ? ಒಳಗೆ ರಕ್ತ ಹೋಗುತ್ತಿರಬಹುದು.

ಆಮೇಲೆ ನಾನು ಹೆದರುವುದು ನಡುಕದ ಜ್ವರಕ್ಕೆ. ಒಂದು ಮಳೆಗಾಲ ಅಡಿಕೆ ತೋಟದ ಮನೆಯೊಂದರಿಂದ ಫೋನ್ ಬಂತು. "ಸಿಸ್ಟರೇ, ಕಂಬಳಿ ಹೊದೆಸಿದರೂ ನಡುಕ ನಿಲ್ಲಲಿಲ್ಲ. ಡೋಲೋ ಕೊಟ್ಟೆ, ಈಗ ಬೆವರಿ ಮಲಗಿದ್ದಾರೆ. ಇಲಿಜ್ವರವೋ ಏನೋ. ನಾಳೆ ತೋರಿಸಿದರೆ ಸಾಕಲ್ವಾ?"

"ಮೂತ್ರ ಯಾವ ಬಣ್ಣ ಅಕ್ಕಾ?"

"ಕಪ್ಪು ಚಾಯದ ಬಣ್ಣ."

ಇಲಿಜ್ವರದಲ್ಲೂ ಕಣ್ಣು ಹಳದಿಯಾಗುವುದುಂಟು, ಅವರ ಊಹೆ ತಪ್ಪೇನಲ್ಲ. ಆದರೆ ಸ್ಟೆಂಟ್ ಇರುವವರಿಗೆ ನಡುಕ ಬಂದರೆ ನನ್ನ ಸಂಶಯ ಮೊದಲು ಸ್ಟೆಂಟಿನ ಮೇಲೇ. ನಾಳ ಕಟ್ಟಿ ಸೋಂಕಾದರೆ ಅದು ಕೊಲಾಂಜೈಟಿಸ್. ಮಾತ್ರೆಗೆ ಜ್ವರ ಇಳಿಯುತ್ತದೆ, ಕಟ್ಟಿದ ಪಿತ್ತ ಇಳಿಯುವುದಿಲ್ಲ. ಸೋಂಕು ರಕ್ತಕ್ಕೆ ಏರಿದರೆ ಕೆಲವೇ ಗಂಟೆಗಳಲ್ಲಿ ಬಿಪಿ ಬೀಳಬಹುದು. ಬೆಳಗಿನವರೆಗೆ ಕಾಯಬೇಡಿ, ಫೈಲು ಹಿಡಿದು ಈಗಲೇ ಹೊರಡಿ ಎಂದೆ. ಆಸ್ಪತ್ರೆಗೆ ನಾನೇ ಮುಂಚಿತವಾಗಿ ಫೋನ್ ಮಾಡಿದೆ. ಇಂಜೆಕ್ಷನ್ನಿನಲ್ಲಿ ಆಂಟಿಬಯಾಟಿಕ್ ಕೊಟ್ಟು, ಪ್ಲಾಸ್ಟಿಕ್ ತೆಗೆದು ಮೆಟಲ್ ಹಾಕಿದರು. ಕ್ಯಾಲೆಂಡರಿನಲ್ಲಿ ಬರೆದ ತಿಂಗಳು ಆಗಲೇ ದಾಟಿತ್ತು. ಅಡಿಕೆ ಕೆಲಸ ಮುಗಿಯಲಿ ಎಂದು ಮುಂದೂಡಿದ್ದರಂತೆ.

ಎಲ್ಲರಿಗೂ ಜ್ವರದಿಂದಲೇ ಶುರುವಾಗುವುದಿಲ್ಲ. ಕೆಲವರಿಗೆ ತುರಿಕೆ ಮೊದಲು ಮರಳುತ್ತದೆ, ಮೈಮೇಲೆ ಉಗುರಿನ ಗೀರು ಕಾಣುತ್ತದೆ. ಮಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕಣ್ಣನ್ನು ಮಾತ್ರ ನಾನು ಅಂಗಳಕ್ಕೆ ಕರೆದು ಬಿಸಿಲಿನಲ್ಲೇ ನೋಡುವುದು. ಒಳಗಿನ ಹಳದಿ ಬಲ್ಬಿನ ಬೆಳಕನ್ನು ನಂಬಲಿಕ್ಕಾಗದು.

ಇನ್ನು ಪಥ್ಯ. ಜಾಂಡೀಸ್ ಎಂದರೆ ಎಣ್ಣೆ, ಉಪ್ಪು, ಮೀನು ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡುವ ಮನೆಗಳಿವೆ. ಮೊದಲೇ ತೂಕ ಇಳಿದ ಜೀವ. ಗಡ್ಡೆ ಒತ್ತಿದ ನಾಳವನ್ನು ನೆಲನೆಲ್ಲಿ ಕಷಾಯ ತೆರೆದೀತೇ? ಜಗಳ ಆಡಲು ಹೋಗುವುದಿಲ್ಲ. ಅಡುಗೆಮನೆಯ ಅಜ್ಜಿಯ ಹತ್ತಿರವೇ ಕೂತು, ಮೊಟ್ಟೆ, ಮೀನು, ಬೇಳೆ ಸ್ವಲ್ಪ ಸ್ವಲ್ಪವೇ ಆಗಾಗ ಕೊಡಿ ಎನ್ನುತ್ತೇನೆ. ಅಜ್ಜಿ ಒಪ್ಪಿದರೆ ಮನೆಯೇ ಒಪ್ಪಿದ ಹಾಗೆ.

ಇಆರ್‌ಸಿಪಿ ಆಗದವರಿಗೆ ಪಕ್ಕೆಯಿಂದ ನಳಿಗೆ ಹಾಕಿ ಹೊರಗೆ ಚೀಲ ಕಟ್ಟಿ ಕಳಿಸುತ್ತಾರೆ. ಚೀಲ ಸೊಂಟಕ್ಕಿಂತ ಕೆಳಗಿರಬೇಕು, ದಿನಕ್ಕೆ ಎಷ್ಟು ಪಿತ್ತ ಬಂತು ಎಂದು ಬರೆಯಬೇಕು. ತುಂಬಾ ಹರಿದರೆ ಮೈಯ ನೀರು, ಉಪ್ಪು ಎರಡೂ ಹೋಗುತ್ತವೆ, ಒಆರ್‌ಎಸ್ ಕುಡಿಸಿ ನನಗೆ ತಿಳಿಸಿ ಎನ್ನುತ್ತೇನೆ. ಹರಿವು ಥಟ್ಟನೆ ನಿಂತು ಚಳಿ ಬಂದರೆ ನನ್ನನ್ನೂ ಕಾಯುವುದು ಬೇಡ, ನೇರ ಆಸ್ಪತ್ರೆಗೆ.