ಸಿಂಥಸೈಜರಿನ ಸದ್ದಿನಲ್ಲಿ ಕನ್ನಡದ ಮಾತು ಉಳಿಸಿಕೊಂಡ ಬಗೆ

ಅಕ್ಕ ಮತ್ತು ನಾನು ಸೇರಿ ಮಾಡುವುದು ಎಲೆಕ್ಟ್ರೋ-ಪಾಪ್ ಸಂಗೀತ. ಹಾಡು ಬರೆಯುವುದು ಮತ್ತು ಹಾಡುವುದು ಅಕ್ಕನ ಪಾಲು. ವಿದ್ಯುತ್ತಿನಿಂದ ಸ್ವರ ಹೊರಡಿಸುವ ಸಿಂಥಸೈಜರ್, ತಾಳ ನುಡಿಸುವ ಡ್ರಮ್ ಮಷೀನ್, ರೆಕಾರ್ಡಿಂಗ್, ಎಲ್ಲ ಸದ್ದುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ನನ್ನ ಪಾಲು. ಮೂರನೆಯವರಿಲ್ಲ. ನಮ್ಮ ಎರಡನೆಯ ಆಲ್ಬಂ ಈಚೆಗೆ ಹೊರಬಂದಿದೆ, ಅದನ್ನು ಮಾಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲಸಕ್ಕೆ ಕೂರುವ ಮೊದಲೇ ನಾವು ಒಂದು ನಿಯಮ ಮಾಡಿಕೊಂಡಿದ್ದೆವು: ಸಾಹಿತ್ಯವನ್ನು ಕಣ್ಣಿನಿಂದ ಓದದವರಿಗೂ ಪ್ರತಿಯೊಂದು ಮಾತು ಕಿವಿಯಿಂದಲೇ ತಿಳಿಯಬೇಕು. ಕಾಸರಗೋಡಿನಲ್ಲಿ ಈ ನಿಯಮಕ್ಕೆ ಬೇರೆ ಕಡೆಗಿಂತ ಹೆಚ್ಚು ತೂಕವಿದೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡವು ಮನೆ, ಶಾಲೆ, ಯಕ್ಷಗಾನ, ಭಜನಾ ಮಂದಿರಗಳಲ್ಲಿ ಬದುಕಿದೆಯೇ ಹೊರತು ಬಸ್ಸಿನ ಫಲಕದಲ್ಲೂ ಕಚೇರಿಯ ಅರ್ಜಿಯಲ್ಲೂ ಅಷ್ಟಾಗಿ ಕಾಣುವುದಿಲ್ಲ. ನಮ್ಮ ಕೇಳುಗರಲ್ಲಿ ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಬ್ಯಾರಿಯನ್ನೋ ಮರಾಠಿಯನ್ನೋ ಆಡುತ್ತ ಕನ್ನಡವನ್ನು ಹೆಚ್ಚಾಗಿ ಕಿವಿಯಿಂದಲೇ ಪಡೆದವರು ಬಹಳ. ಅವರಿಗೆ ಮಾತು ಕೇಳಿಸದಿದ್ದರೆ ಅದನ್ನು ಊಹಿಸಿಕೊಳ್ಳಲು ಬೇರೆ ಆಸರೆ ಇರುವುದಿಲ್ಲ.

ಯಂತ್ರದ ಲಯಕ್ಕೆ ನಮ್ಮ ರಾಗವನ್ನು ಕೂಡಿಸುವುದು ಹೊಸ ಸಂಗತಿಯೇನೂ ಅಲ್ಲ. ಮುಂಬಯಿಯ ವಾದ್ಯಗಾರ ಚರಣಜಿತ್ ಸಿಂಗ್ ಅವರು 1982ರಲ್ಲಿಯೇ ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಮಷೀನ್ ಮತ್ತು ಟಿಬಿ-303 ಬೇಸ್ ಸಿಂಥಸೈಜರಿನ ಜೊತೆಗೆ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ದಾಖಲಿಸಿದ್ದರು. ಆದರೆ ಅದು ಬಹುಮಟ್ಟಿಗೆ ವಾದ್ಯಸಂಗೀತ, ಅಲ್ಲಿ ಸಾಹಿತ್ಯದ ಪ್ರಶ್ನೆಯೇ ಏಳಲಿಲ್ಲ. ಮಾತು ಬಂದ ಕೂಡಲೇ ತೊಡಕು ಶುರುವಾಗುತ್ತದೆ. ಸಿಂಥಸೈಜರಿನ ದಟ್ಟವಾದ ಸ್ವರಪದರಗಳು ಮನುಷ್ಯನ ಧ್ವನಿ ಇರುವ ಜಾಗದಲ್ಲಿಯೇ ಬಂದು ಕೂರುತ್ತವೆ. ವ್ಯಂಜನಗಳನ್ನು ಗುರುತಿಸಲು ಕಿವಿಗೆ ಮುಖ್ಯವಾಗಿ ಬೇಕಾದ 2ರಿಂದ 5 ಕಿಲೋಹರ್ಟ್ಸ್‌ನ ಪಟ್ಟಿಯಲ್ಲಿ ಅವೂ ಹೊಳೆಯುತ್ತವೆ. ಗಿಟಾರ್ ಆದರೆ ಮೀಟಿದ ಮೇಲೆ ತಾನಾಗಿ ತಣ್ಣಗಾಗುತ್ತದೆ, ಸಿಂಥ್ ಕೈ ತೆಗೆಯುವವರೆಗೂ ಬಿಡುವುದಿಲ್ಲ.

ಹಾಗಾಗಿ ಮಿಕ್ಸಿಂಗಿಗಿಂತ ಬಹಳ ಮೊದಲೇ, ಛಂದಸ್ಸಿನಿಂದಲೇ ಕೆಲಸ ಆರಂಭಿಸಿದೆವು. ಮೊದಲ ಆಲ್ಬಂನಲ್ಲಿ ನಾನು ನಾಲ್ಕು ಪೆಟ್ಟಿನ ಲಯವನ್ನು ಕಟ್ಟಿಕೊಡುತ್ತಿದ್ದೆ, ಅಕ್ಕ ಅದರ ಮೇಲೆ ಮಾತು ಕೂರಿಸುತ್ತಿದ್ದಳು. ಈ ಸಲ ಅಕ್ಕ ಮೊದಲು ಬರೆದಳು, ಅದರಲ್ಲಿಯೂ ಆಲ್ಬಂನ ಮುಖ್ಯ ಹಾಡನ್ನು ಭಾಮಿನಿ ಷಟ್ಪದಿಯ ನಡೆಯಲ್ಲಿ ಬರೆದಳು. ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದರ ಹಿಂದೆ ಒಂದು ಬರುವ ಈ ನಡೆ ಏಳು ಅಕ್ಷರದ ತ್ರಿವುಡೆ ತಾಳಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮ ಕಡೆ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ಹಾಡಿನ ಮೊದಲ ಎರಡು ಸಾಲುಗಳು ಹೀಗಿವೆ:

ಮಳೆಯ ರಾತ್ರಿಯ ಹೊಳೆಯ ದಾಟಿದ
ಹಳೆಯ ಬಸ್ಸಿನ ಕೊನೆಯ ಕಿಟಕಿಯ

ಇವೆರಡರಲ್ಲಿಯೂ ಸಾಲಿಗೆ ಹದಿನಾಲ್ಕು ಮಾತ್ರೆ, ಅಂದರೆ ಏಳರ ಎರಡು ಆವರ್ತ. ಸಾಫ್ಟ್‌ವೇರಿನಲ್ಲಿ ಕಾಲಮಾನವನ್ನು 7/8 ಎಂದು ಇಟ್ಟು, ಒಂದು ಮಾತ್ರೆಗೆ ಎಂಟನೆಯ ಒಂದು ಸ್ವರದಂತೆ ಹಂಚಿದೆ. ನಿಮಿಷಕ್ಕೆ 112 ಪೆಟ್ಟು, ಪೆಟ್ಟಿಗೆ ಎರಡು ಮಾತ್ರೆಯಂತೆ ವೇಗ ಇಟ್ಟಾಗ ಒಂದು ಮಾತ್ರೆಗೆ ಸುಮಾರು 268 ಮಿಲಿಸೆಕೆಂಡು ಸಿಗುತ್ತದೆ, ಗುರುವಿಗೆ ಅದರ ಎರಡರಷ್ಟು. ಲಘುವನ್ನು ಎಲ್ಲಿಯೂ ಎಳೆಯುವುದಿಲ್ಲ, ಗುರುವನ್ನು ಎಲ್ಲಿಯೂ ಕತ್ತರಿಸುವುದಿಲ್ಲ ಎಂದು ಅಕ್ಕ ಹಟ ಹಿಡಿದಳು. ಪಾಪ್ ಹಾಡಿನಲ್ಲಿ ಕೇಳುಗನ ಬಾಯಲ್ಲಿ ನಿಲ್ಲುವ ಸಾಲಿಗೆ ಸ್ವಲ್ಪ ಎಳೆತ ಬೇಕು ಎಂಬ ನನ್ನ ವಾದ ಪಲ್ಲವಿಯ ಕೊನೆಯ ಅಕ್ಷರದ ಮಟ್ಟಿಗೆ ಮಾತ್ರ ಗೆದ್ದಿತು. ಕನ್ನಡದ ಮಾತುಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ಕೊನೆಯಲ್ಲಿ ಎಷ್ಟು ಎಳೆದರೂ ಅರ್ಥ ಕೆಡುವುದಿಲ್ಲ. ನಡುವೆ ಎಳೆದರೆ ಕೆಡುತ್ತದೆ.

ಏಳರ ಲಯದಲ್ಲಿ ಯಂತ್ರಗಳು ತಮ್ಮ ಹಟವನ್ನೂ ತೋರಿಸಿದವು. ಒತ್ತಿದ ಸ್ವರಗಳನ್ನು ಒಂದೊಂದಾಗಿ ಸರದಿಯಲ್ಲಿ ನುಡಿಸುವ ನನ್ನ ಆರ್ಪೆಜಿಯೇಟರ್ ಎಂಟು ಹೆಜ್ಜೆಗೊಮ್ಮೆ ತಿರುಗುವಂಥದ್ದು. ಏಳರ ತಾಳದ ಮೇಲೆ ಅದನ್ನು ಬಿಟ್ಟರೆ ಪ್ರತಿ ಆವರ್ತಕ್ಕೂ ಒಂದೊಂದು ಮಾತ್ರೆ ಜಾರುತ್ತ ಹೋಗಿ ಐವತ್ತಾರು ಮಾತ್ರೆ, ಅಂದರೆ ಎಂಟು ಆವರ್ತ, ಕಳೆದ ಮೇಲೆ ಮತ್ತೆ ಸಮಕ್ಕೆ ಬಂದು ನಿಲ್ಲುತ್ತದೆ. ಕೇಳಲು ಬಹಳ ಸೊಗಸು. ಆದರೆ ಮಾತಿನ ಕೆಳಗೆ ಅದು ಓಡಿದಾಗ ಗಣದ ಕಟ್ಟು ಎಲ್ಲಿ ಮುರಿಯುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ಆದ್ದರಿಂದ ಹಾಡುವಾಗ ಅದು ಪ್ರತಿ ಆವರ್ತದ ಆರಂಭದಲ್ಲಿ ಮೊದಲ ಹೆಜ್ಜೆಗೆ ಮರಳುವಂತೆ ಮಾಡಿ, ನಡುವಿನ ವಾದ್ಯದ ಭಾಗದಲ್ಲಿ ಮಾತ್ರ ಅದರ ಪಾಡಿಗೆ ಬಿಟ್ಟೆ.

ಡ್ರಮ್ ಮಷೀನಿನ ಜೊತೆಗೆ ತೆಂಕುತಿಟ್ಟು ಯಕ್ಷಗಾನದ ಚೆಂಡೆ ಬೇಕೆಂಬುದು ನಮ್ಮಿಬ್ಬರ ಆಸೆಯಾಗಿತ್ತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ನೆರೆಯಲ್ಲಿ ಹುಟ್ಟಿ ಚೆಂಡೆಯ ಸದ್ದನ್ನು ಅಂತರ್ಜಾಲದಿಂದ ಕೊಳ್ಳುವುದು ನಾಚಿಕೆಗೇಡು ಎಂದು ಅಕ್ಕ ಹೇಳಿದ್ದು ನಿಜವೇ. ಆದರೆ ಕಾಲ ಹೊಂದಿಸುವುದು ಸುಲಭವಿರಲಿಲ್ಲ. ಮೇಳಗಳು ದೀಪಾವಳಿಯ ಅನಂತರ ತಿರುಗಾಟಕ್ಕೆ ಹೊರಟರೆ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ಕಲಾವಿದರು ರಾತ್ರಿಯಿಡೀ ರಂಗಸ್ಥಳದಲ್ಲಿರುತ್ತಾರೆ. ಅವರಿಗೆ ಬಿಡುವಾಗುವುದು ಮಳೆಗಾಲದಲ್ಲಿ. ಆಗ ಚರ್ಮ ತೇವ ಹೀರಿ ಸಡಿಲಾಗಿ ಚೆಂಡೆಯ ಸ್ಥಾಯಿ ಇಳಿಯುತ್ತದೆ, ಹಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಎಲ್ಲ ಮೈಕಿನೊಳಗೂ ಬರುತ್ತದೆ, ಗುಡುಗು ಮಿಂಚಿನ ದಿನ ಪ್ಲಗ್ಗುಗಳನ್ನೆಲ್ಲ ಕಿತ್ತಿಟ್ಟು ಕೂರಬೇಕಾಗುತ್ತದೆ. ಮಳೆ ಹಿಂದೆ ಸರಿದು ತಿರುಗಾಟ ಇನ್ನೂ ಶುರುವಾಗದ ಅಕ್ಟೋಬರದ ಸಣ್ಣ ಸಂದಿನಲ್ಲಿ ಪರಿಚಯದ ಚೆಂಡೆವಾದಕರೊಬ್ಬರು ಒಪ್ಪಿ ಬಂದರು. ಒಂದೇ ಪೆಟ್ಟನ್ನು ಒಂದೇ ಸಲ ದಾಖಲಿಸಿ ಮತ್ತೆ ಮತ್ತೆ ಬಳಸಿದರೆ ಅದು ಹೊಲಿಗೆ ಯಂತ್ರದಂತೆ ಕೇಳುತ್ತದೆ. ಹಾಗಾಗಿ ಪ್ರತಿ ಬಗೆಯ ಪೆಟ್ಟನ್ನೂ ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ಹಲವು ಸಲ ನುಡಿಸಿಸಿ, ಯಂತ್ರವು ಅವುಗಳನ್ನು ಸರದಿಯಂತೆ ಆರಿಸಿಕೊಳ್ಳುವ ಹಾಗೆ ಜೋಡಿಸಿದೆ. ಚೆಂಡೆಯ ಪೆಟ್ಟಿನ ಮೊದಲ ಕ್ಷಣ ಎಷ್ಟು ತೀಕ್ಷ್ಣವೆಂದರೆ ಮೈಕಿನ 20 ಡೆಸಿಬೆಲ್ ಇಳಿಸುವ ಸ್ವಿಚ್ಚನ್ನು ಹಾಕಿ, ಮೈಕನ್ನು ಒಂದಾಳು ದೂರಕ್ಕೆ ಸರಿಸಿದ ಮೇಲೆಯೇ ದಾಖಲೆ ಒಡೆಯದೆ ಬಂದದ್ದು.

ಆ ದಿನ ಅವರಿಂದ ಕಲಿತ ಒಂದು ಸಂಗತಿ ಇಡೀ ಆಲ್ಬಂನ ಮಿಕ್ಸಿಂಗನ್ನು ನಿರ್ಧರಿಸಿತು. ಅಕ್ಕ ಪದ್ಯ ಹೇಳುತ್ತಿದ್ದಾಗ ಅವರು ಕೋಲು ಎತ್ತಲೇ ಇಲ್ಲ. ಕೇಳಿದ್ದಕ್ಕೆ, “ಪದ್ಯದ ಅಕ್ಷರ ಹೋಗುವಾಗ ಮದ್ದಳೆ ಸಾಕು, ಚೆಂಡೆಗೆ ಅದರದ್ದೇ ಜಾಗ ಉಂಟು” ಎಂದರು. ಭಾಗವತರ ಮಾತು ಮುಗಿದು ಕುಣಿತಕ್ಕೆ ಎಡೆಯಾದಾಗ, ಇಲ್ಲವೇ ರಸ ಏರಿದಾಗ ಚೆಂಡೆ ಬರುತ್ತದೆ; ಅಷ್ಟು ದೊಡ್ಡ ಸದ್ದಿನ ವಾದ್ಯವಿದ್ದೂ ಮೈಕಿಲ್ಲದ ಕಾಲದಲ್ಲಿ ಸಾಹಿತ್ಯ ಬಯಲಿನ ಕೊನೆಯವರೆಗೆ ಮುಟ್ಟಿದ್ದರಲ್ಲಿ ಈ ಸಂಯಮದ ಪಾಲು ದೊಡ್ಡದು. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಇದನ್ನೇ ಸೈಡ್‌ಚೈನ್ ಕಂಪ್ರೆಷನ್ ಎಂಬ ತಂತ್ರದಿಂದ ಮಾಡುತ್ತಾರೆ: ಒಂದು ಸದ್ದು ಬಂದಾಗ ಇನ್ನೊಂದು ತಾನಾಗಿ ತಗ್ಗುತ್ತದೆ. ಸಾಮಾನ್ಯವಾಗಿ ದಪ್ಪ ಸದ್ದಿನ ಕಿಕ್ ಡ್ರಮ್ ಬಂದಾಗ ಉಳಿದದ್ದು ತಗ್ಗುವಂತೆ ಇಡುವುದು ವಾಡಿಕೆ, ನೃತ್ಯಸಂಗೀತದ ಆ ಏರಿಳಿತ ಅದರಿಂದಲೇ ಬರುವುದು. ನಾನು ಯಜಮಾನಿಕೆಯನ್ನು ಕಿಕ್ಕಿನಿಂದ ತೆಗೆದು ಅಕ್ಕನ ಧ್ವನಿಗೆ ಕೊಟ್ಟೆ. ಅವಳು ಬಾಯಿ ತೆರೆದ ಸುಮಾರು 10 ಮಿಲಿಸೆಕೆಂಡಿನೊಳಗೆ ಸಿಂಥಿನ 2ರಿಂದ 4 ಕಿಲೋಹರ್ಟ್ಸ್‌ನ ಭಾಗ ಮಾತ್ರ 3 ಡೆಸಿಬೆಲ್‌ನಷ್ಟು ಇಳಿಯುತ್ತದೆ, ಮಾತು ನಿಂತ ಮೇಲೆ ನಿಧಾನವಾಗಿ ಮರಳುತ್ತದೆ. ಕೆಳಗಿನ ಗಾಂಭೀರ್ಯವೂ ಮೇಲಿನ ಹೊಳಪೂ ಹಾಗೆಯೇ ಇರುವುದರಿಂದ ಏನೋ ತಗ್ಗಿತೆಂದು ಕೇಳುಗರಿಗೆ ಅನ್ನಿಸುವುದಿಲ್ಲ.

ಇಷ್ಟಾದ ಮೇಲೂ ಮಾತು ನಿಜವಾಗಿ ಕೇಳಿಸುತ್ತದೆಯೇ ಎಂದು ನಮಗೆ ನಾವೇ ಹೇಳಿಕೊಳ್ಳುವಂತಿರಲಿಲ್ಲ, ಏಕೆಂದರೆ ನಮಗೆ ಸಾಹಿತ್ಯ ಬಾಯಿಪಾಠ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡುವ ಅಕ್ಕ ಇದಕ್ಕೆ ಮೇಷ್ಟರ ದಾರಿಯನ್ನೇ ಹಿಡಿದಳು: ಉಕ್ತಲೇಖನ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಎಂಟನೆಯ ತರಗತಿಯ ಮಕ್ಕಳಿಗೆ ಹಾಡನ್ನು ಸಾಲುಸಾಲಾಗಿ ಸಣ್ಣ ಸ್ಪೀಕರಿನಲ್ಲಿ ಕೇಳಿಸಿ, ಕೇಳಿದಂತೆ ಬರೆಯಿರಿ ಎಂದಳು. ಮನೆಯಲ್ಲಿ ನಾಲ್ಕೈದು ಭಾಷೆ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂತ ಅಂಥ ತರಗತಿ ನಮ್ಮ ಜಿಲ್ಲೆಯಲ್ಲಿ ಅಪರೂಪವೇನಲ್ಲ. ಅವರು ಬರೆದ ಹಾಳೆಗಳೇ ನನಗೆ ಮಿಕ್ಸಿಂಗಿನ ಪಟ್ಟಿಯಾದವು.

‘ಹಳೆಯ’ ಎಂಬುದನ್ನು ಬಹಳ ಮಕ್ಕಳು ‘ಅಳೆಯ’ ಎಂದು ಬರೆದಿದ್ದರು. ಹಕಾರ ಬರಿಯ ಉಸಿರಿನ ಸದ್ದು. ಅದೇ ಕ್ಷಣದಲ್ಲಿ ನಾನು ಇಟ್ಟಿದ್ದ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಕೂಡ ಉಸಿರಿನಂಥ ಸದ್ದೇ, ಹೆಚ್ಚು ಜೋರು. ಹೈ-ಹ್ಯಾಟನ್ನು ಅಲ್ಲಿಂದ ಒಂದು ಮಾತ್ರೆ ಮುಂದಕ್ಕೆ ಸರಿಸಿದೆ. ‘ಬಸ್ಸಿನ’ ಎಂಬುದು ಕೆಲವರ ಹಾಳೆಯಲ್ಲಿ ‘ಬಸಿನ’ ಆಗಿತ್ತು; ಸಕಾರದ ಸೀಟಿಯನ್ನು ಇಳಿಸುವ ಡಿ-ಎಸ್ಸರ್ ಒತ್ತಕ್ಷರದ ಅರ್ಧವನ್ನೇ ನುಂಗಿತ್ತು. ಅದನ್ನು ಇಡೀ ಹಾಡಿಗೆ ಹಾಕುವುದು ಬಿಟ್ಟು, ಕಿವಿಗೆ ಚುಚ್ಚುವ ಸಕಾರಗಳನ್ನು ಹುಡುಕಿ ಒಂದೊಂದನ್ನಾಗಿ ಕೈಯಿಂದ ತಗ್ಗಿಸಿದೆ. ಬೇಸರದ ಕೆಲಸ, ಆದರೆ ಇದಕ್ಕೆ ಅಡ್ಡದಾರಿ ಇಲ್ಲವೆಂದೇ ನನಗೆ ತೋರುತ್ತದೆ.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಹಾಡಿನ ‘ಕಟ್ಟುಕತೆ’. ಮಕ್ಕಳಿಗೆ ಅದು ‘ಕಟುಕತೆ’ ಎಂದು ಕೇಳಿಸಿತ್ತು. ಪ್ರೇಮದ ಹಾಡಿನ ನಡುವೆ ಕಟುಕ ಬಂದು ನಿಂತದ್ದನ್ನು ನೋಡಿ ಅಕ್ಕ ನಗುತ್ತಲೇ ಹಾಳೆಗಳನ್ನು ನನ್ನ ಮುಂದೆ ಇಟ್ಟಳು. ಕಾರಣ ಹುಡುಕಿದಾಗ ತಿಳಿದದ್ದು: ಟಕಾರದ ಒತ್ತಕ್ಷರದಲ್ಲಿ ಕಿವಿ ಗುರುತಿಸುವುದು ಸದ್ದನ್ನಲ್ಲ, ನಾಲಗೆ ಅಂಗುಳಕ್ಕೆ ಒತ್ತಿ ನಿಂತಾಗಿನ ಸಣ್ಣ ಮೌನವನ್ನು. ನಾನು ಧ್ವನಿಗೆ ಹಾಕಿದ್ದ ಪ್ರತಿಧ್ವನಿ ಆ ಮೌನವನ್ನು ತುಂಬಿಬಿಡುತ್ತಿತ್ತು. ಪ್ರತಿಧ್ವನಿ ಸುಮಾರು 40 ಮಿಲಿಸೆಕೆಂಡು ತಡವಾಗಿ ಶುರುವಾಗುವಂತೆ ಮಾಡಿದ್ದು ಸಾಕಾಗಲಿಲ್ಲ; ಕೊನೆಗೆ ಅದಕ್ಕೂ ಸೈಡ್‌ಚೈನ್ ಕಟ್ಟಿ, ಹಾಡುವಾಗ ಅಡಗಿದ್ದು ಸಾಲು ಮುಗಿದ ಮೇಲೆ ಮಾತ್ರ ಅರಳುವಂತೆ ಇಟ್ಟೆ. ಇಂಗ್ಲಿಷ್ ಹಾಡುಗಳಿಗೆಂದು ಸಿದ್ಧಪಡಿಸಿದ ಪ್ರೀಸೆಟ್‌ಗಳನ್ನು ಕನ್ನಡಕ್ಕೆ ಹಾಗೆಯೇ ಹಾಕಬಾರದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ: ಆ ಭಾಷೆಯಲ್ಲಿ ಒಂದು ಪದದೊಳಗೆ ಇಂಥ ಒತ್ತು ಅರ್ಥವನ್ನು ಬದಲಿಸುವುದಿಲ್ಲ, ನಮ್ಮಲ್ಲಿ ಬದಲಿಸುತ್ತದೆ.

ಧ್ವನಿಯನ್ನು ದಾಖಲಿಸಿದ್ದು ನಮ್ಮ ಮನೆಯ ಅಟ್ಟದಲ್ಲಿ, ಅಡಿಕೆ ಗೋಣಿಗಳ ನಡುವೆ. ತುಂಬಿದ ಗೋಣಿಗಳು ಸದ್ದನ್ನು ಬಹಳ ಚೆನ್ನಾಗಿ ಹೀರುತ್ತವೆ. ಒಳ್ಳೆಯ ಧಾರಣೆ ಬಂತೆಂದು ಅಪ್ಪ ಅಡಿಕೆ ಮಾರಿದ ಮೇಲೆ ಕೋಣೆ ಗುಂಯ್ ಎನ್ನತೊಡಗಿ, ಉಳಿದ ಹಾಡುಗಳಿಗೆ ನಾರಿನ ಹಾಸಿಗೆಗಳನ್ನು ಮುರಕಲ್ಲಿನ ಗೋಡೆಗೆ ನಿಲ್ಲಿಸಿ ಸರಿದೂಗಿಸಬೇಕಾಯಿತು. ಮೈಕನ್ನು ತೇವದಿಂದ ಕಾಪಾಡಲು ಸಿಲಿಕಾ ಜೆಲ್ಲಿನ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬದಲ್ಲಿ ಇಡುವುದು ನಮ್ಮ ಕರಾವಳಿಯಲ್ಲಿ ಕಡ್ಡಾಯ.

ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡುಗಳನ್ನೂ −14 ಎಲ್‌ಯುಎಫ್‌ಎಸ್ (ಸದ್ದಿನ ಜೋರಿನ ಅಳತೆ) ಮಟ್ಟಕ್ಕೆ ತಂದು ಕೇಳಿಸುವುದರಿಂದ ಜೋರಿಗಾಗಿ ಹಿಸುಕುವುದರಲ್ಲಿ ಲಾಭವಿಲ್ಲ; ಹಿಸುಕಿದಷ್ಟೂ ವ್ಯಂಜನಗಳ ಮೊನೆ ಮೊಂಡಾಗುತ್ತದೆ.

ಬಿಡುಗಡೆಯ ಕಾಗದಪತ್ರಗಳನ್ನು ಮಾತ್ರ ಹಗುರವಾಗಿ ನೋಡಬಾರದು. ಪ್ರತಿ ಹಾಡಿಗೂ ಅದನ್ನು ಗುರುತಿಸುವ ಹನ್ನೆರಡು ಅಕ್ಷರಾಂಕಿಗಳ ಐಎಸ್‌ಆರ್‌ಸಿ ಸಂಕೇತ ಬೇಕು, ಇಡೀ ಆಲ್ಬಂಗೆ ಒಂದು ಬಾರ್‌ಕೋಡ್ ಸಂಖ್ಯೆ ಬೇಕು. 2015ರ ಜುಲೈಯಿಂದ ಜಗತ್ತಿನಾದ್ಯಂತ ಹೊಸ ಸಂಗೀತ ಶುಕ್ರವಾರ ಬಿಡುಗಡೆಯಾಗುವ ರೂಢಿ ಬಂದಿದೆ, ನಾವೂ ಶುಕ್ರವಾರವನ್ನೇ ಹಿಡಿದೆವು. ಹಾಡುಗಳ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟು, ರೋಮನ್ ಲಿಪಿಯ ರೂಪವನ್ನು ಜೊತೆಗೆ ಸೇರಿಸಿದೆವು. ಅಕ್ಕ-ತಮ್ಮಂದಿರಾದರೂ ಸಾಹಿತ್ಯ ಮತ್ತು ಸಂಗೀತದ ಪಾಲನ್ನು ಸಮಸಮ ಎಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಗೀತರಚನಕಾರರ ಮತ್ತು ಸಂಯೋಜಕರ ಗೌರವಧನವನ್ನು ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆ 1969ರಿಂದ ಇದೆ; 2012ರ ಕೃತಿಸ್ವಾಮ್ಯ ತಿದ್ದುಪಡಿಯ ಮೇಲೆ ಅಂಥವರ ಪಾಲಿಗೆ ಹೆಚ್ಚಿನ ಭದ್ರತೆಯೂ ಬಂದಿದೆ. ಚೆಂಡೆವಾದಕರ ಹೆಸರನ್ನು ಅವರು ನುಡಿಸಿದ ಪ್ರತಿ ಹಾಡಿನ ವಿವರದಲ್ಲಿಯೂ ಹಾಕಿ, ಅವರ ಪೆಟ್ಟುಗಳನ್ನು ಈ ಆಲ್ಬಂ ಬಿಟ್ಟು ಬೇರೆಲ್ಲಿಯೂ ಅವರನ್ನು ಕೇಳದೆ ಬಳಸುವುದಿಲ್ಲ ಎಂದು ಬರೆದುಕೊಟ್ಟೆವು. ಇದನ್ನು ಅವರು ಕೇಳಿರಲಿಲ್ಲ, ಆದರೆ ದಾಖಲಿಸಿದ ಪೆಟ್ಟನ್ನು ಯಾರು ಬೇಕಾದರೂ ನಕಲು ಮಾಡಬಹುದಾದ ಈ ಕಾಲದಲ್ಲಿ ಕೇಳುವವರೆಗೆ ಕಾಯುವುದು ಸರಿಯಲ್ಲವೆಂದು ಅನ್ನಿಸಿತು.

ಊರಿನ ವಾಚನಾಲಯದ ಸಭಾಂಗಣದಲ್ಲಿ ಆಲ್ಬಂನ ಹಾಡುಗಳನ್ನು ಹಾಡುವ ಮೊದಲು ಇಡೀ ಮಿಕ್ಸನ್ನು ಮೋನೋದಲ್ಲಿ ಮತ್ತೊಮ್ಮೆ ಸಿದ್ಧಪಡಿಸಿದೆ. ನಮ್ಮ ಮೈಕ್‌ಸೆಟ್ಟಿನವರು ಎಡಬಲಗಳೆರಡನ್ನೂ ಒಂದೇ ತಂತಿಗೆ ಕೂಡಿಸುತ್ತಾರೆ. ಆಗ ಅಗಲವಾಗಿ ಹರಡಿದ ಸಿಂಥಿನ ಪದರಗಳು ಒಂದನ್ನೊಂದು ರದ್ದುಮಾಡಿಕೊಂಡು ತೆಳ್ಳಗಾಗುತ್ತವೆ. ಹೊರಗೆ ಕಟ್ಟಿದ ಕೊಂಬಿನ ಸ್ಪೀಕರಿನಲ್ಲಿ ಕಿಕ್ಕಿನ ಮಂದ್ರಭಾಗ ಕೇಳುವುದೇ ಇಲ್ಲವಾದ್ದರಿಂದ ಅದಕ್ಕೆ ಸದ್ದನ್ನು ತುಸು ಒರಟಾಗಿಸುವ ಸ್ಯಾಚುರೇಷನ್ ಸ್ವಲ್ಪ ಸೇರಿಸಿ ಮೇಲಿನ ಸ್ವರಾಂಶಗಳನ್ನು ಎಬ್ಬಿಸಿದೆ. ರಾತ್ರಿ 10ರ ಮೇಲೆ ಹೊರಗಿನ ಧ್ವನಿವರ್ಧಕಕ್ಕೆ ನಿಷೇಧವಿರುವುದರಿಂದ ಸಂಜೆಯೇ ಆರಂಭಿಸಿದೆವು. ಮೈಕ್‌ಸೆಟ್ಟಿನ ಹುಡುಗ ಮೊದಲ ಹಾಡು ಮುಗಿದ ಕೂಡಲೇ ನನ್ನ ಬಳಿ ಬಂದು, “ಅಣ್ಣ, ಸ್ವಲ್ಪ ಎಕೋ ಹಾಕಲಾ, ಅಕ್ಕನ ಸ್ವರಕ್ಕೆ ಚಂದ ಆಗ್ತದೆ” ಎಂದು ಕೇಳಿದ. ಸಾಲು ಮುಗಿದ ಮೇಲೆ ಮಾತ್ರ ಹಾಕು ಎಂದು ಹೇಳಿ, ಯಾವ ಗುಂಡಿಯನ್ನು ಯಾವಾಗ ಎತ್ತಬೇಕೆಂದು ತೋರಿಸಿಕೊಟ್ಟೆ. ಎರಡನೆಯ ಹಾಡಿನಿಂದ ಅವನು ಅದನ್ನು ಹಾಗೆಯೇ ಮಾಡಿದ.