ಸ್ಟ್ರಾಲರ್ ಜೊತೆ ವಿಮಾನ ಹತ್ತುವುದು ಹೇಗೆ?

ಪುಟ್ಟ ಮಗುವನ್ನು ಕರೆದುಕೊಂಡು ವಿಮಾನ ಹತ್ತುವವರು ಮೊದಲು ಕೇಳುವುದೇ ‘ಸ್ಟ್ರಾಲರ್‌ಗೆ ಬೇರೆ ದುಡ್ಡು ಕಟ್ಟಬೇಕಾ?’ ಅಂತ. ಹೆಚ್ಚಿನ ವಿಮಾನ ಕಂಪನಿಗಳು ಮಗುವಿಗೊಂದು ಸ್ಟ್ರಾಲರನ್ನು, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿಯನ್ನು, ಪುಕ್ಕಟೆ ಒಯ್ಯುತ್ತವೆ. ಕೇಳಬೇಕಾದ್ದು ಬೇರೆಯೇ ಇದೆ: ಗಾಡಿಯನ್ನು ಎಲ್ಲಿ ಕೊಡಬೇಕು, ವಾಪಸ್ ಎಲ್ಲಿ ಸಿಗುತ್ತದೆ?

1. ಮನೆಯಲ್ಲೇ ಅಳೆಯಿರಿ

ಗಾಡಿಯನ್ನು ಮಡಚಿ, ಟೇಪ್ ಹಿಡಿದು ಅಳೆಯಿರಿ. ತೂಕವನ್ನೂ ನೋಡಿ. ಕಂಪನಿಯ ನಿಯಮದ ಪಕ್ಕ ಇಟ್ಟು ಹೋಲಿಸಿ. ‘ಕ್ಯಾಬಿನ್ ಸ್ಟ್ರಾಲರ್’ (ವಿಮಾನದೊಳಗೇ ಒಯ್ಯುವಂಥ ಗಾಡಿ) ಎಂಬ ಚೀಟಿ ಅಂಟಿಸಿದ್ದರೆ ಸಾಲದು. ಈ ಪೈಕಿ ಹೆಸರು ಮಾಡಿದ ಯೋಯೋ ಗಾಡಿ ಮಡಚಿದಾಗ 52×44×18 ಸೆಂ.ಮೀ. ಇರುತ್ತದೆ. ಒಳಗೆ ಒಯ್ಯುವ ಸಾಮಾನಿಗೆ 56×45×25 ಒಪ್ಪುವ ಕಂಪನಿಯಲ್ಲಿ ಸರಿಹೋಗುತ್ತದೆ. 55×40×20 ಅನ್ನುವ ಕಡೆ ಅಗಲ 4 ಸೆಂ.ಮೀ. ಜಾಸ್ತಿ! ಸಿಬ್ಬಂದಿ ಒಪ್ಪಿದರೆ ಒಳಗೆ, ಇಲ್ಲದಿದ್ದರೆ ಕೆಳಗೆ ಲಗೇಜ್ ಜೊತೆ.

ಮೋಟಾರ್ ಇರುವ ಗಾಡಿಯಾದರೆ ಬ್ಯಾಟರಿ ಬಿಚ್ಚಲು ಬರುತ್ತದಾ ನೋಡಿ. ಬಿಚ್ಚಿದ ಲಿಥಿಯಂ ಬ್ಯಾಟರಿ ನಿಮ್ಮ ಕೈಚೀಲದಲ್ಲೇ ಬರಬೇಕು. 100 ವ್ಯಾಟ್-ಅವರ್ ದಾಟಿದರೆ ಕಂಪನಿಯ ಒಪ್ಪಿಗೆ ಮೊದಲೇ ಬೇಕು.

2. ಕೌಂಟರಾ, ಗೇಟಾ?

ಚೆಕ್-ಇನ್ ಕೌಂಟರಿನಲ್ಲೇ ಕೊಟ್ಟುಬಿಟ್ಟರೆ ಕೈ ಖಾಲಿ. ಆದರೆ ಅಲ್ಲಿಂದ ಗೇಟಿನವರೆಗೆ ಮಗುವನ್ನು ಎತ್ತಿಕೊಂಡೇ ನಡೆಯಬೇಕು, ಅದೂ ವಿಮಾನ ತಡವಾದರೆ! ನನ್ನ ಮಾತು ಕೇಳಿದರೆ ಗೇಟಿನವರೆಗೂ ತಳ್ಳಿಕೊಂಡು ಹೋಗಿ. ತೀರಾ ಭಾರದ್ದು, ಮಡಚಲು ಬಾರದ್ದು ಮಾತ್ರ ಕೌಂಟರಿಗೆ.

ಟ್ಯಾಗ್ ಹಾಕುವಾಗ ಒಂದು ಪ್ರಶ್ನೆ ಮರೆಯಬೇಡಿ: ‘ಇಳಿದ ಮೇಲೆ ಇದು ವಿಮಾನದ ಬಾಗಿಲಲ್ಲಿ ಸಿಗುತ್ತಾ, ಬೆಲ್ಟ್‌ನಲ್ಲಾ?’ ನಾನು ಕೇಳಿರಲಿಲ್ಲ. ನಿದ್ದೆ ಹೋದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲ ಬಳಿ ಸುಮ್ನೆ ಕಾದು ನಿಂತಿದ್ದೆ. ಗಾಡಿ ಅಷ್ಟರಲ್ಲಿ ಬೆಲ್ಟ್ ಮೇಲೆ ಸುತ್ತು ಹೊಡೆಯುತ್ತಿತ್ತು. ನಡುವೆ ವಿಮಾನ ಬದಲಿಸುವುದಿದ್ದರೆ ಇನ್ನೂ ಸ್ಪಷ್ಟವಾಗಿ ಕೇಳಿ. ಕೊನೆಯ ಊರಿನವರೆಗೆ ಟ್ಯಾಗ್ ಬಿದ್ದರೆ ಮಧ್ಯದ ಊರಲ್ಲಿ ಗಾಡಿ ಕೈಗೆ ಸಿಗದಿರಬಹುದು. ಅದಕ್ಕೇ ಮಗುವನ್ನು ಹೊರಲು ಒಂದು ಜೋಳಿಗೆ ಚೀಲವೋ, ಕಟ್ಟಿಕೊಳ್ಳುವ ಬಟ್ಟೆಯೋ ಜೊತೆಗಿರಲಿ.

3. ತಪಾಸಣೆಯಲ್ಲಿ

ಮಗುವನ್ನು ಎತ್ತಿಕೊಂಡು ಗಾಡಿಯನ್ನು ಎಕ್ಸ್-ರೇ ಬೆಲ್ಟ್ ಮೇಲಿಡಬೇಕು. ಹಿಡಿಸದಿದ್ದರೆ ಸಿಬ್ಬಂದಿ ಕೈಯಿಂದ ಪರೀಕ್ಷಿಸುತ್ತಾರೆ. ಒಂದೇ ಕೈಯಲ್ಲಿ ಮಡಚುವುದನ್ನು ಮನೆಯಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿ. ಹಿಂದೆ ಸಾಲು ನಿಂತಾಗ ಆ ಗುಂಡಿ ಎಲ್ಲಿದೆ ಅಂತ ನೆನಪಾಗುವುದಿಲ್ಲ, ಅಲ್ವಾ?

4. ಕೈಬಿಡುವ ಮುಂಚೆ

ಲೋಟ ಇಡುವ ಕೊಕ್ಕೆ, ಆಟಿಕೆ, ಬುಟ್ಟಿಯಲ್ಲಿ ಉಳಿದ ಡೈಪರ್ ಎಲ್ಲವನ್ನೂ ತೆಗೆದುಕೊಳ್ಳಿ. ಸಡಿಲವಾಗಿದ್ದದ್ದು ಕಳೆದುಹೋಗುತ್ತದೆ. ಹೆಸರು, ಫೋನ್ ನಂಬರ್ ಬರೆದ ಚೀಟಿ ಕಟ್ಟಿ. ಗಾಡಿಯನ್ನು ಅದರ ಚೀಲದಲ್ಲಿ ಹಾಕುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಟ್ಯಾಗಿನ ಹರಿದ ತುಂಡು ಬೋರ್ಡಿಂಗ್ ಪಾಸ್ ಜೊತೆಗಿರಲಿ.

5. ಚಕ್ರ ಮುರಿದಿದ್ದರೆ

ಗಾಡಿ ಕೈಗೆ ಬಂದ ತಕ್ಷಣ ಬಿಡಿಸಿ, ತಳ್ಳಿ ನೋಡಿ. ಮುರಿದಿದ್ದರೆ ನಿಲ್ದಾಣ ಬಿಡುವ ಮುಂಚೆ ಲಗೇಜ್ ಕೌಂಟರಿನಲ್ಲಿ ಪಿಐಆರ್ ಎಂಬ ದೂರು ಬರೆಸಿ, ಅದರ ನಂಬರ್ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವಲ್ಲಿ, ಹಾನಿಯ ಬಗ್ಗೆ ಕಂಪನಿಗೆ ಬರಹದಲ್ಲಿ ತಿಳಿಸಲು ಸಾಮಾನು ಕೈಗೆ ಸಿಕ್ಕಿದ ದಿನದಿಂದ 7 ದಿನ ಇರುತ್ತದೆ. ತಡವಾಗಿ ಬಂದದ್ದಕ್ಕೆ 21 ದಿನ. ಗೇಟಿನಲ್ಲಿ ತೆಗೆದ ಫೋಟೊ ಆಗ ಕೆಲಸಕ್ಕೆ ಬರುತ್ತದೆ.