ಮುತ್ಯಾನ ಬ್ಯಾಸರಕ್ಕೂ ಪಿಎಚ್‌ಸಿಯಲ್ಲಿ ಚಿಕಿತ್ಸೆ: ತೋರಿಸುವುದು ಹೇಗೆ?

ಹಿರಿಯರ ಖಿನ್ನತೆ ಪಿಎಚ್‌ಸಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಬರುವಾಗ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ‘ತಲಿ ಭಣಭಣ ಅಂತದ’, ‘ಮೈಕೈ ಜಗ್ಗತಾವ’, ‘ನಿದ್ದಿ ಹತ್ತವಲ್ದು’ ಎಂದು ಬರುತ್ತದೆ. ವೈದ್ಯರಿಗೆ ಮೊಣಕಾಲು ನೋವು ಮಾತ್ರ ಹೇಳಿದರೆ ಸಿಗುವುದು ನೋವಿನ ಗುಳಿಗೆಯೇ. ಕಲಬುರಗಿ, ಬೀದರ್, ಯಾದಗಿರಿಯ ಹಳ್ಳಿಗಳಲ್ಲಿ ಹೀಗೆ ಗುಳಿಗೆ ನುಂಗುತ್ತಲೇ ವರ್ಷ ಕಳೆಯುವ ಹಿರಿಯರಿದ್ದಾರೆ.

ಮೊದಲು, ಇದು ತುರ್ತೇ ನೋಡಿ

ಒಂದೆರಡು ದಿನದಲ್ಲೇ ಮಾತು ದಿಕ್ಕು ತಪ್ಪಿದರೆ, ಮನೆಯವರ ಗುರುತು ಸಿಗದಿದ್ದರೆ, ಹಗಲು ತೂಕಡಿಸಿ ರಾತ್ರಿ ಎದ್ದು ಓಡಾಡಿದರೆ ‘ಅರಳು ಮರಳು’ ಎಂದು ಸುಮ್ಮನಿರಬೇಡಿ. ಅದು ಸನ್ನಿ (ಡೆಲಿರಿಯಂ, ದೇಹದ ಕಾಯಿಲೆಯಿಂದ ತಲೆ ದಿಢೀರ್ ಗಲಿಬಿಲಿಗೊಳ್ಳುವುದು) ಇರಬಹುದು. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸಕ್ಕರೆ ಅಥವಾ ಸೋಡಿಯಂ ಇಳಿದಿರುವುದು, ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಮೈಯ ನೀರು ಬತ್ತಿರುವುದು ಕಾರಣವಿರಬಹುದು. ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಖಿನ್ನತೆ ಬೆಳೆಯಲು ವಾರಗಳು ಬೇಕು, ಮರೆವಿನ ಕಾಯಿಲೆಗೆ ತಿಂಗಳು, ವರ್ಷಗಳೇ ಬೇಕು.

ಚೀಲ ತುಂಬಿಕೊಳ್ಳಿ

ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ. ಬಿಪಿ, ಸಕ್ಕರೆ ಗುಳಿಗೆಯಷ್ಟೇ ಅಲ್ಲ, ಚೀಟಿ ಇಲ್ಲದೆ ಮೆಡಿಕಲ್‌ನಲ್ಲಿ ತಂದದ್ದೂ ಇರಲಿ. ನೆಗಡಿ, ತುರಿಕೆಗೆ ಕೊಡುವ ನಿದ್ದೆ ಬರಿಸುವ ಗುಳಿಗೆಗಳು ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತವೆ. ಕನ್ನಡಕ ಮರೆಯಬೇಡಿ.

ವೈದ್ಯರ ಮುಂದಿನ ಐದು ನಿಮಿಷ

ಕೆಲಸ ಕೆಡುವುದು ಇಲ್ಲೇ. ವೈದ್ಯರು ‘ಏನಾಗ್ಯಾದ ಆಯಿ?’ ಎಂದು ಕೇಳುತ್ತಾರೆ, ಮಗನೋ ಸೊಸೆಯೋ ಉತ್ತರ ಕೊಟ್ಟುಬಿಡುತ್ತಾರೆ. ಕಿವಿ ಮಂದವಾದ ಆಯಿ ನೆಲ ನೋಡುತ್ತ ಕೂಡುತ್ತಾಳೆ. ಮೊದಲು ಅವರೇ ಮಾತಾಡಲಿ. ಕಿವಿ ಮಂದವಿದ್ದರೆ ಎದುರು ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಕೇಳಲು ವೈದ್ಯರಿಗೆ ಹೇಳಿ. ಚೀರಿದರೆ ಮಾತು ಇನ್ನಷ್ಟು ಒಡೆದು ಕೇಳುತ್ತದೆ. ಆಮೇಲೆ ಮನೆಯವರು ಹೊರಗೆ ಹೋಗಿ. ಸೊಸೆಯ ಎದುರು ಅತ್ತೆ, ಮಗನ ಎದುರು ತಂದೆ ಮನದ ಮಾತು ಬಿಚ್ಚುವುದಿಲ್ಲ.

ನಿಮ್ಮ ಸರದಿ ಬಂದಾಗ ‘ಸುಮ್ನ ಕೂಡ್ತಾರ್ರೀ’ ಎಂದರೆ ಸಾಲದು. ಬದಲಾವಣೆಯನ್ನು ಲೆಕ್ಕದಲ್ಲಿ ಹೇಳಿ: ಎರಡು ರೊಟ್ಟಿ ಉಣ್ಣುತ್ತಿದ್ದವರು ಅರ್ಧಕ್ಕೆ ಬಂದು ಎಷ್ಟು ವಾರ? ಕಟ್ಟೆಗೆ, ಭಜನೆಗೆ ಹೋಗುವುದು ಯಾವಾಗ ನಿಂತಿತು? ಬೆಳಗಿನ ಮೂರಕ್ಕೇ ಎಚ್ಚರವಾಗುವುದು ವಾರದಲ್ಲಿ ಎಷ್ಟು ದಿನ? ಅಂಗಿ ಸಡಿಲಾಗಿದೆಯೇ? ಹಿಂದಿನ ದಿನವೇ ಇದನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ವೈದ್ಯರು ಕೇಳಬೇಕಾದ ಪ್ರಶ್ನೆ ಎರಡು. ಹೋದ ಎರಡು ವಾರದಲ್ಲಿ ಮನಸ್ಸು ಕುಗ್ಗಿದೆಯೇ? ಮೊದಲು ಇಷ್ಟವಿದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯೇ? ಒಂದಕ್ಕೆ ‘ಹೌದು’ ಬಂದರೂ ಪರೀಕ್ಷೆ ಮುಂದುವರಿಯಬೇಕು. ಅವರು ಕೇಳದಿದ್ದರೆ ನೀವೇ ಎತ್ತಿ.

‘ಬದುಕು ಸಾಕಾಗ್ಯಾದೇನು? ಸಾಯೋ ವಿಚಾರ ಬರ್ತದೇನು?’ ಎಂದೂ ನೇರವಾಗಿ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಭಾರ ಇಳಿಯುತ್ತದೆ. ‘ಹೌದು’ ಎಂದರೆ ತೊಗರಿಗೆ ತಂದಿಟ್ಟ ಕೀಟನಾಶಕದ ಬಾಟಲಿಗಳನ್ನು ಅಂದೇ ಮನೆಯಿಂದ ಹೊರಗೆ ಸಾಗಿಸಿ, ಅವರನ್ನು ಒಬ್ಬರೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು.

ಪರೀಕ್ಷೆ, ಗುಳಿಗೆ

ರಕ್ತ ಪರೀಕ್ಷೆಯಲ್ಲಿ ನೋಡಬೇಕಾದ್ದು: ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಸಾಧ್ಯವಾದರೆ ವಿಟಮಿನ್ ಬಿ12, ಸೋಡಿಯಂ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಥೇಟ್ ಖಿನ್ನತೆಯಂತೆಯೇ ಕಾಣುತ್ತದೆ.

ಖಿನ್ನತೆಗೆ ಗುಳಿಗೆ ಬೇಕಾದರೆ ಪಿಎಚ್‌ಸಿ ವೈದ್ಯರೇ ಶುರು ಮಾಡಬಹುದು. ವಯಸ್ಸಾದವರಿಗೆ ಅರ್ಧ ಪ್ರಮಾಣದಿಂದ ಆರಂಭ: ಎಸಿಟಲೊಪ್ರಾಂ ಆದರೆ 5 ಮಿಲಿಗ್ರಾಂ, ಸರ್ಟ್ರಲಿನ್ ಆದರೆ 25. ಗುಣ ಕಾಣಲು ನಾಲ್ಕರಿಂದ ಆರು ವಾರ, ಕೆಲವರಿಗೆ ಇನ್ನೂ ಹೆಚ್ಚು. ಹತ್ತು ದಿನ ನೋಡಿ ‘ಹತ್ತಲಿಲ್ಲ’ ಎಂದು ಬಿಟ್ಟುಬಿಡಬೇಡಿ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ನಿಲ್ಲಿಸುವುದು ವೈದ್ಯರ ಮಾತಿನ ಮೇಲೆ, ಹಂತಹಂತವಾಗಿ. ಇವುಗಳ ಜೊತೆ ಮೊಣಕಾಲು ನೋವಿನ ಡೈಕ್ಲೊಫಿನಾಕ್ ಗುಳಿಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಮಲ ಕಪ್ಪಾದರೆ ತಕ್ಷಣ ಆಸ್ಪತ್ರೆ. ಬಿಪಿಗೆ ನೀರಿನ ಗುಳಿಗೆ (ಮೂತ್ರ ಹೆಚ್ಚಿಸುವುದು) ತೆಗೆದುಕೊಳ್ಳುವವರಿಗೆ ಇವುಗಳಿಂದ ಸೋಡಿಯಂ ಬೇಗ ಇಳಿಯಬಹುದು, ಎರಡನೇ ವಾರ ಮತ್ತೆ ತೋರಿಸಿ.

ಅಲ್‌ಪ್ರಜೋಲಾಂ ನಿದ್ದೆಗುಳಿಗೆಯನ್ನು ಚೀಟಿಯಿಲ್ಲದೆ ತಂದುಕೊಡುವುದು ಮಾತ್ರ ಬೇಡವೇ ಬೇಡ. ರಾತ್ರಿ ಎದ್ದಾಗ ಜೋಲಿ ಹೊಡೆದು ಬಿದ್ದು ಸೊಂಟದ ಎಲುಬು ಮುರಿಯಬಹುದು, ಮರೆವು ಹೆಚ್ಚುತ್ತದೆ. ಖಿನ್ನತೆ ಹಾಗೇ ಉಳಿಯುತ್ತದೆ. ವರ್ಷಗಟ್ಟಲೆ ನುಂಗಿದವರು ಒಮ್ಮೆಲೇ ಬಿಡುವುದೂ ಅಪಾಯ, ಫಿಟ್ಸ್ ಬರಬಹುದು. ವೈದ್ಯರು ಸ್ವಲ್ಪಸ್ವಲ್ಪವಾಗಿ ಇಳಿಸಲಿ.

ಮನೆಯಲ್ಲಿ

ದಿನಕ್ಕೊಂದು ಕೆಲಸ ಅವರ ಕೈಗೆ ಕೊಡಿ. ತೊಗರಿಬೇಳೆ ಆರಿಸುವುದಾದರೂ ಸರಿ. ಬೆಳಗಿನ ತಂಪಿನಲ್ಲಿ ಅರ್ಧ ತಾಸು ನಡಿಗೆ, ಮಧ್ಯಾಹ್ನ ಎರಡರ ನಂತರ ಚಹಾ ಬಂದ್.

ಎರಡು ತಿಂಗಳಾದರೂ ಸುಧಾರಿಸದಿದ್ದರೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ತೋರಿಸಿ. ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಳ್ಳಿ. ಇಲ್ಲವಾದರೆ ಕಲಬುರಗಿಯ ಜಿಮ್ಸ್ ಅಥವಾ ಬೀದರಿನ ಬ್ರಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ. ಹಳೆ ಚೀಟಿ, ಗುಳಿಗೆ ಚೀಲ ಎರಡೂ ಜೊತೆಗಿರಲಿ.